ಕೇಳಬಾರದ ಹೆಪ್ಪು

ಬಸ್ಸು ಮಲ್ಲಸಮುದ್ರ ದಾಟುವ ಹೊತ್ತಿಗೆ, ತೊಡೆಯ ಮೇಲಿನ ಕೈಚೀಲದೊಳಗೆ ಹನ್ನೊಂದು ಗಾಜಿನ ನಳಿಗೆಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುವುದು ಇಡೀ ಬಸ್ಸಿಗೆ ಕೇಳಿಸುತ್ತಿದೆ ಎಂದು ಪಾಂಡುರಂಗನಿಗೆ ಅನ್ನಿಸತೊಡಗಿತು. ಚೀಲವನ್ನು ಎದೆಗೆ ಅವಚಿಕೊಂಡ. ಸದ್ದು ಕಡಿಮೆಯಾಯಿತು, ನಿಲ್ಲಲಿಲ್ಲ. ತಿಂಗಳ ಹಿಂದೆ ಇವೇ ನಳಿಗೆಗಳನ್ನು ಪುಣೆಯಿಂದ ರೈಲಿನಲ್ಲಿ ತಂದಾಗ ಹೀಗೆ ಸದ್ದು ಮಾಡಿರಲಿಲ್ಲ. ಆಗ ಅವುಗಳ ಒಳಗೆ ಜೀವವಿತ್ತು. ಪಕ್ಕದಲ್ಲಿ ಕೂತಿದ್ದ, ಶಿಗ್ಲಿಗೆ ಹೊರಟಿದ್ದ ರುಮಾಲಿನ ರೈತ ಬಹಳ ಹೊತ್ತು ಚೀಲವನ್ನೇ ನೋಡಿ, ಕೊನೆಗೆ ತಡೆಯಲಾರದೆ, "ಬಳಿ ವ್ಯಾಪಾರ ಏನ್ರಿ?" ಅಂದ. ಪಾಂಡುರಂಗ, "ಅಲ್ರಿ, ಕಾಲೇಜಿಂದು" ಅಂದ. "ಹಂಗಂದ್ರ ಔಷಧ" ಎಂದು ರೈತ ತೀರ್ಮಾನ ಕೊಟ್ಟ. ಪಾಂಡುರಂಗ ಹೂಂ ಎಂದು ಗೋಣು ಹಾಕಿದ. ಅಲ್ಲ ಅನ್ನುವುದಕ್ಕಿಂತ ಹೂಂ ಅನ್ನುವುದು ಸಲೀಸು. ಇಪ್ಪತ್ತಮೂರು ವರ್ಷ ಅವನು ಹೀಗೆಯೇ ಸಲೀಸಾಗಿ ಬದುಕಿದ್ದಾನೆ. ರೈತನಿಗೆ ಈಗ ಧೈರ್ಯ ಬಂದು, ಕಮಿಶನ್ನಿನ ಸಾಹೇಬರು ಊರೂರು ತಿರುಗಿ ಹೋದರಲ್ಲ, ಮುಂಬಯಿಯವರು, ಮೈಸೂರಿನವರು, ಸಂಸ್ಥಾನದವರು ಎಲ್ಲ ಕೂಡಿ ಒಂದು ರಾಜ್ಯ ಆಗೂದು ಖರೆ ಏನು ಎಂದು ಕೇಳತೊಡಗಿದ. ಅದಕ್ಕೂ ಪಾಂಡುರಂಗ ಹೂಂ ಅಂದ. ಆಗುತ್ತದೆಯೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ಅವನ ತಲೆಯಲ್ಲಿ ಇದ್ದದ್ದು ಒಂದೇ: ಶನಿವಾರ ಪುಣೆಯ ರೈಲು ಹತ್ತುವ ಮೊದಲು ಈ ಹನ್ನೊಂದರಲ್ಲಿ ಒಂದಾದರೂ ತುಂಬಬೇಕು. ಇಂದು ಗುರುವಾರ.

ಈ ಸೋಮವಾರ ಬೆಳಿಗ್ಗೆ ಸೂರ್ಯಗ್ರಹಣವಿತ್ತು. ರಜೆಗೆ ಊರಿಗೆ ಬಂದ ವಿಜ್ಞಾನಿ ಸುಮ್ಮನೆ ಕೂಡುತ್ತಾನೆಯೇ? ಗದಗಿನ ತಮ್ಮ ಓಣಿಯ ಹತ್ತಿಪ್ಪತ್ತು ಜನರನ್ನು ಬಯಲಿಗೆ ಕರೆದುಕೊಂಡು ಹೋಗಿ, ಚಿಮಣಿಯ ಮಸಿ ಹಿಡಿಸಿದ ಗಾಜಿನ ಚೂರು ಕೈಗೆ ಕೊಟ್ಟು, ಕಚ್ಚಿದ ಸೂರ್ಯನನ್ನು ತೋರಿಸುತ್ತ, ಇದು ಬರೇ ನೆರಳು, ರಾಹುವೂ ಇಲ್ಲ ಕೇತುವೂ ಇಲ್ಲ, ನೆರಳಿನಿಂದ ಯಾವ ವಸ್ತುವೂ ಕೆಡುವುದಿಲ್ಲ ಎಂದು ಭಾಷಣ ಬಿಗಿದಿದ್ದ. ಜನ ಹೌದು ಹೌದು ಎಂದು ತಲೆದೂಗಿ, ಮನೆಗೆ ಹೋಗಿ ಸ್ನಾನ ಮಾಡಿದರು. ಅವನೂ ಮನೆಗೆ ಬಂದ. ತುಳಸಿಕಟ್ಟೆಯ ಪಕ್ಕದ ಬಿಸಿಲಿನಲ್ಲಿ, ಮೊರದ ಮೇಲೆ, ಹನ್ನೊಂದು ನಳಿಗೆಗಳು ಬೋರಲಾಗಿ ಥಳಥಳ ಹೊಳೆಯುತ್ತಿದ್ದವು. ಗ್ರಹಣ ಬಿಟ್ಟ ಮೇಲೆ ಅವನ ತಾಯಿ ತಾರಾಬಾಯಿ, ಮನೆಯಲ್ಲಿ ಉಳಿದ ಹಳೆಯ ಅಡಿಗೆಯನ್ನೆಲ್ಲ ಚೆಲ್ಲಿದ ಹಾಗೆ ಇವುಗಳಲ್ಲಿದ್ದದ್ದನ್ನೂ ಬಚ್ಚಲಿಗೆ ಚೆಲ್ಲಿ, ಹುಣಸೆಹಣ್ಣು ಬೂದಿ ಹಾಕಿ ತಿಕ್ಕಿದ್ದಳು. ಬಾಯಿಗೆ ತುರುಕಿದ್ದ ಹತ್ತಿಯನ್ನು ಕೂಡ ತೊಳೆದು, ಹಿಂಜಿ, ಒಣಗಲಿಕ್ಕೆ ಇಟ್ಟಿದ್ದಳು. "ಒಂದೂ ಒಡೀಲಿಲ್ಲ ನೋಡು," ಅಂದಳು. ಮುಖದಲ್ಲಿ ದೊಡ್ಡ ಕೆಲಸ ಮುಗಿಸಿದ ಸಮಾಧಾನ. ಪಾಂಡುರಂಗ ಮೊರದ ಮುಂದೆ ನಿಂತು ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದ. ಒಂದರ ತಳದಲ್ಲಾದರೂ ಬೂದಿಗೆ ಸಿಗದ ಚೂರು ಉಳಿದಿರಬಹುದೆಂದು ಹುಡುಕಿದ. ತಾಯಿಯ ಕೈ ಚೂರು ಉಳಿಸುವಂಥ ಕೈ ಅಲ್ಲ. "ಛಲೋ ಆತು," ಎಂದ. ಮತ್ತೇನು ಅನ್ನಬೇಕು? ಬಂದ ದಿನವೇ ಅವಳು ಇದೇನೋ ಎಂದು ಕೇಳಿದಾಗ, "ಏನಿಲ್ಲವ್ವಾ, ಎಲ್ಲಿಂದೋ ಬಂದ ಹಳೇ ಹುಳಿ" ಎಂದು ಹೇಳಿದ್ದು ಅವನೇ ಅಲ್ಲವೇ?

ಎಲ್ಲಿಂದೋ ಬಂದದ್ದಲ್ಲ, ಲಕ್ಷ್ಮೇಶ್ವರದ ದೇವವ್ವನ ಅಂಬಲಿ ಗಡಿಗೆಯಿಂದ ಬಂದದ್ದು. ಎರಡು ವರ್ಷದ ಹಿಂದೆ ಒಂದು ಮದುವೆಗೆ ಆ ಊರಿಗೆ ಹೋದಾಗ, ಊಟದ ಪಂಕ್ತಿಯಿಂದ ಮೆಲ್ಲಗೆ ಎದ್ದು, ತಮ್ಮ ಹಳೆಯ ಮನೆಯ ಹಿಂದಿನ ಓಣಿಗೆ ಕಳ್ಳನ ಹಾಗೆ ಹೋಗಿ, ಔಷಧದ ಬಾಟಲಿಯೊಂದರಲ್ಲಿ ಹಾಕಿಸಿಕೊಂಡು ಬಂದಿದ್ದ. ಸುಮ್ಮನೆ ಕುತೂಹಲ. ಪುಣೆಯಲ್ಲಿ ಅದನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟಾಗ ಮೊದಲು ಏನೂ ತಿಳಿಯಲಿಲ್ಲ, ಆಮೇಲೆ ಮೈ ಜುಮ್ಮೆಂದಿತು. ಜಗತ್ತಿನ ಪ್ರಯೋಗಶಾಲೆಗಳೆಲ್ಲ ಬ್ರೆಡ್ಡು ಉಬ್ಬಿಸುವ, ಮದ್ಯ ಹುಳಿಸುವ ಒಂದೇ ಯೀಸ್ಟಿನ ಬೆನ್ನು ಹತ್ತಿದ್ದವು. ಆ ಯೀಸ್ಟಿನ ಕೋಶ ಮೈಮೇಲೊಂದು ಮೊಗ್ಗು ಬಿಡುತ್ತದೆ. ಮೊಗ್ಗು ಬೆಳೆದು ಕಳಚಿಕೊಳ್ಳುತ್ತದೆ. ತಾಯಿಯ ಮೈಮೇಲೆ ಕಲೆ ಉಳಿಯುತ್ತದೆ. ದೇವವ್ವನ ಗಡಿಗೆಯದು ಮೊಗ್ಗು ಬಿಡುವುದಿಲ್ಲ. ಸಣ್ಣ ಕಡ್ಡಿಯ ಹಾಗೆ ಉದ್ದಕ್ಕೆ ಬೆಳೆಯುತ್ತದೆ, ಒಂದು ಅಳತೆ ಮುಟ್ಟಿತೆಂದರೆ ಸರಿಯಾಗಿ ನಡುವೆ ಗೋಡೆ ಎದ್ದು ಎರಡಾಗುತ್ತದೆ. ಎರಡೂ ಸರಿಸಮ, ಯಾವುದರ ಮೈಮೇಲೂ ಮೊಗ್ಗು ಕಳಚಿದ ಕಲೆ ಇಲ್ಲ, ತಾಯಿ ಯಾವುದು ಮಗಳು ಯಾವುದು ಎಂದು ಹೇಳಲಿಕ್ಕೆ ಬರುವುದಿಲ್ಲ. ಪ್ರೊಫೆಸರ್ ಸಾಹೇಬರು ಒಂದು ಮಧ್ಯಾಹ್ನವೆಲ್ಲ ಊಟ ಬಿಟ್ಟು ಅದನ್ನೇ ನೋಡಿದರು. ಕೋಶಕ್ಕೆ ತನ್ನ ಅಳತೆ ಹೇಗೆ ತಿಳಿಯುತ್ತದೆ, ಒಂದರೊಳಗಿನ ಬರಹ ಎರಡಕ್ಕೆ ಹೇಗೆ ತಪ್ಪಿಲ್ಲದೆ ನಕಲಾಗುತ್ತದೆ, ಅದನ್ನು ಕೇಳಬೇಕಾದರೆ ಎಲ್ಲರೂ ಕೇಳುತ್ತಿರುವ ಯೀಸ್ಟನ್ನು ಬಿಟ್ಟು ಇದನ್ನು ಕೇಳಬೇಕು ಎಂದರು. ಇದರ ಉದ್ದ ಅಳೆದರೆ ವಯಸ್ಸು ಸಿಗುತ್ತದಲ್ಲ ಎಂದು ಚಿಕ್ಕವರಂತೆ ನಕ್ಕರು. ಹೊರದೇಶದಲ್ಲಿ ಒಬ್ಬಿಬ್ಬರು ಇಂಥದೇ ಒಂದು ತಳಿಯನ್ನು ಹಿಡಿದು ಕೂತಿದ್ದರು. ಆದರೆ ಅವರದಕ್ಕಿಂತ ಇದು ಅರ್ಧ ಉದ್ದಕ್ಕೇ ಎರಡಾಗುತ್ತಿತ್ತು. ಅದೇ ಇದರ ದೊಡ್ಡತನ. ಒಂದು ನಳಿಗೆ ಕಳಿಸಿಕೊಡಿ ಎಂದು ಸ್ಕಾಟ್ಲೆಂಡಿನಿಂದ ಪತ್ರ ಬಂದಿತ್ತು. ಮೇ ತಿಂಗಳಲ್ಲಿ ಪ್ರಯೋಗಶಾಲೆಯ ತಂಪು ಪೆಟ್ಟಿಗೆ ಕೆಟ್ಟು ಅಲ್ಲಿದ್ದವುಗಳಲ್ಲಿ ಬಹಳಷ್ಟಕ್ಕೆ ಹಸಿರು ಬೂಷ್ಟು ಹತ್ತಿದಾಗ, ಉಳಿದ ಹನ್ನೊಂದನ್ನು ಸಾಹೇಬರು ತಾವೇ ಅವನ ಕೈಗೆ ಕೊಟ್ಟು, ನಿನ್ನ ಊರಿನ ಜೀವ, ನೀನೇ ಜೋಪಾನ ಮಾಡು ಅಂದಿದ್ದರು. ಅವರ ದಫ್ತರದಲ್ಲಿ ಪ್ರತಿ ತಳಿಗೂ ಒಂದು ಪುಟ, ಅದರಲ್ಲಿ ಕೊಟ್ಟವರ ಹೆಸರು ಎಂದು ಒಂದು ಅಂಕಣ. ಅಲ್ಲಿ ಏನು ಬರೆಯಲಿ ಎಂದು ಅವರು ಕೇಳಿದಾಗ ಪಾಂಡುರಂಗ, ಬಾಜಾರದಲ್ಲಿ ಸಿಕ್ಕಿದ್ದು ಎಂದುಬಿಟ್ಟ. ಯಾಕೆ ಹಾಗೆಂದೆ ಎಂದು ಅವನಿಗೆ ಗೊತ್ತು. ದೇವವ್ವ ಎಂದರೆ ಯಾವ ದೇವವ್ವ ಎನ್ನುತ್ತಾರೆ, ನಿನಗೆ ಹೇಗೆ ಗೊತ್ತು ಎನ್ನುತ್ತಾರೆ, ಆಗ ಹಿಂದಿನದನ್ನೆಲ್ಲ ಎತ್ತಬೇಕಾಗುತ್ತದೆ.

ಹಿಂದಿನದು ಎಂದರೆ ಇಷ್ಟೇ: ಯುದ್ಧದ ಕಾಲ, ಊರು ಇನ್ನೂ ಸಂಸ್ಥಾನದ ಕೈಯಲ್ಲಿತ್ತು, ಅಪ್ಪ ಗುಡಿಯ ಪೂಜೆ ಬಿಟ್ಟು ಹಾಸಿಗೆ ಹಿಡಿದಿದ್ದ. ಮನೆಯಲ್ಲಿ ಕಾಳು ಇರುತ್ತಿರಲಿಲ್ಲ. ಇದ್ದ ಒಂದು ಹಿಡಿಯನ್ನು ಅವ್ವ ಮೂರು ಪಾಲು ಮಾಡಿ ತನ್ನ ಪಾಲನ್ನು ಮರೆತವಳಂತೆ ಬಿಟ್ಟುಬಿಡುತ್ತಿದ್ದಳು. ಹಿತ್ತಲ ಗೋಡೆಯ ಆಚೆ ದೇವವ್ವನ ಮನೆ. ಒಕ್ಕಲುತನದವರು, ಬಡವರೇ, ಆದರೆ ಜೋಳದ ಹಿಟ್ಟು ಹುಳಿ ಬಂದ ಅಂಬಲಿಯ ಗಡಿಗೆ ಆ ಮನೆಯಲ್ಲಿ ಎಂದೂ ಬತ್ತುತ್ತಿರಲಿಲ್ಲ. ಹತ್ತು ವರ್ಷದ ಪಾಂಡುರಂಗ ದಿನಾ ಶಾಲೆಗೆ ಹೋಗುವ ಮೊದಲು ಗೋಡೆ ಹಾರಿ, ಗಟಗಟ ಕುಡಿದು, ಬಾಯಿ ಒರೆಸಿಕೊಂಡು ಹೋಗುತ್ತಿದ್ದ. ಒಂದು ದಿನ ಬಾಯಿ ಒರೆಸಿಕೊಳ್ಳಲು ಮರೆತ. ರಾಘವೇಂದ್ರ ಮಾಸ್ತರರು ಇಡೀ ತರಗತಿಯ ಮುಂದೆ ಅವನ ಗದ್ದ ಹಿಡಿದೆತ್ತಿ, "ತುಟಿ ಮ್ಯಾಲೆ ಏನಲೇ ಇದು, ಯಾರ ಮನೀದು?" ಎಂದರು. ಅವನು, "ನಾ ಒಲ್ಲೆ ಅಂದ್ರೂ ದೇವವ್ವ ಹಿಡದು ಕುಡಿಸಿದ್ಳ್ರೀ" ಎಂದ. ಎಷ್ಟು ಸಲೀಸಾಗಿ ಬಂತು ಆ ಮಾತು! ಸಂಜೆ ಗುಡಿಯ ಮುಂದೆ ನಾಲ್ಕು ಜನ ಹಿರಿಯರು ದೇವವ್ವನನ್ನು ಕರೆಸಿದರು. ಪೂಜಾರಿಯ ಮಗನ ಜಾತಿ ಕೆಡಿಸಿದಿ ಎಂದು ಬೈದರು. ಅವಳು ಸೆರಗು ತಲೆಯ ಮೇಲೆ ಎಳೆದುಕೊಂಡು ಅವನ ಕಡೆ ಒಮ್ಮೆ ನೋಡಿ, "ಹೌದ್ರಿ, ನಾನ ಕುಡಿಸೇನಿ. ತಪ್ಪಾತ್ರಿ" ಎಂದಳು. ಅವನಿಗೆ ಪಂಚಗವ್ಯ ಕುಡಿಸಿದರು. ಅವ್ವ ಕಂಬದ ಮರೆಯಲ್ಲಿ ನಿಂತೇ ಇದ್ದಳು. ಮರುದಿನ ಬೆಳಿಗ್ಗೆ ಹಿತ್ತಲ ಗೋಡೆಯ ಗೂಡಿನಲ್ಲಿ ಒಂದು ಚರಿಗೆ ತುಂಬ ಅಂಬಲಿ ಇತ್ತು. ಮೇಲೆ ಎಲೆ ಮುಚ್ಚಿತ್ತು. ಅಪ್ಪ ತೀರಿಕೊಂಡು ಅವ್ವ ಮಗ ಗದಗಿಗೆ ಹೋಗುವವರೆಗೆ, ಸುಮಾರು ಒಂದು ವರ್ಷ, ದಿನಾ ಇತ್ತು. ಅವನು ದಿನಾ ಕುಡಿದ. ದೇವವ್ವನ ಮುಖ ನೋಡಲಿಕ್ಕೆ ಮಾತ್ರ ಆಗಲಿಲ್ಲ. ಶಾಲೆಯಿಂದ ಬರುವಷ್ಟರಲ್ಲಿ ಚರಿಗೆ ಗೂಡಿನಲ್ಲಿ ಇರುತ್ತಿರಲಿಲ್ಲ. ಅವಳೇ ಬಂದು ಒಯ್ಯುತ್ತಾಳೆ ಎಂದುಕೊಂಡಿದ್ದ.

ಲಕ್ಷ್ಮೇಶ್ವರ ಬಂತು. ಇಳಿಯುವಾಗ ರೈತ, "ಜ್ವಾಕಿರಿ, ಔಷಧ ಒಡದಾವು" ಎಂದು ಚೀಲವನ್ನು ತಾನೇ ಎತ್ತಿ ಕೊಟ್ಟ. ದೇವವ್ವ ಬಾಗಿಲಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕೈಯಲ್ಲಿ ಬಳೆ ಇರಲಿಲ್ಲ. ಅವಳ ಗಂಡ ಗಾಳೆಪ್ಪ ತೀರಿಹೋದನೆಂದು ಅವನಿಗೆ ಯಾರೂ ಹೇಳಿರಲಿಲ್ಲ, ಅವನೂ ಯಾರನ್ನೂ ಕೇಳಿರಲಿಲ್ಲ. "ಯಾರು, ಪಾಂಡಪ್ಪನ? ಬಾ ಯಪ್ಪಾ, ಬಾ, ಕುಂಡ್ರು" ಎಂದು ಎದ್ದವಳು, ಅವನು ಚೀಲ ಕೆಳಗಿಡುವಾಗ ಗಾಜಿನ ಸದ್ದು ಕೇಳಿ ಹಾಗೇ ನಿಂತಳು. ಮುಖ ಅರಳಿತು. ಅಷ್ಟು ಅರಳಿದ ಮುಖವನ್ನು ಪಾಂಡುರಂಗ ತನ್ನ ಪರೀಕ್ಷೆಯ ಫಲಿತಾಂಶ ಹೇಳಿದ ದಿನ ಅವ್ವನಲ್ಲಿ ಕೂಡ ಕಂಡಿರಲಿಲ್ಲ. ಅವಳು ಒಳಗೆ ಹೋಗಿ, ನೆಲುವಿನ ಮೇಲಿದ್ದ ಒಂದು ಹೊಸ ಗಡಿಗೆಯನ್ನು ಇಳಿಸಿ ತಂದು, ಬಾಯಿಗೆ ಕಟ್ಟಿದ್ದ ಅರಿವೆ ಬಿಚ್ಚಿ, ಸೆರಗಿನಿಂದ ಒಳಗೆಲ್ಲ ಒರೆಸಿ, ಅವನ ಮುಂದೆ ಇಟ್ಟು, ಎದುರಿಗೆ ಕೂತಳು. ಖಾಲಿ ಗಡಿಗೆ. ಅವನಿಗೆ ಇದೇನೆಂದು ತಿಳಿಯಲಿಲ್ಲ. ಬಸ್ಸಿನಲ್ಲಿ ಹತ್ತು ಸಲ ಹೇಳಿ ನೋಡಿಕೊಂಡಿದ್ದ ಮಾತನ್ನು ಹೇಳಿದ.

"ದೇವವ್ವ, ಹೆಪ್ಪು ಬೇಕಾಗಿತ್ತು. ಆವಾಗ ಕೊಟ್ಟಿದ್ದಿಯಲ್ಲ, ಅದ ಹೆಪ್ಪು."

ಅವಳು ಅವನನ್ನು ನೋಡಿದಳು, ಚೀಲವನ್ನು ನೋಡಿದಳು. ತಾನೇ ಕೈ ಹಾಕಿ ಒಂದು ನಳಿಗೆ ಎತ್ತಿದಳು. ಅದರ ಮೂಲಕ ಆಚೆಯ ಬಾಗಿಲು ಚೊಕ್ಕವಾಗಿ ಕಾಣುತ್ತಿತ್ತು. "ನೀ ತಂದಿ ಅಂದಕೊಂಡೆ," ಎಂದಳು.

ಮಾಗಿಯ ಚಳಿಯಲ್ಲಿ ಗಾಳೆಪ್ಪ ಹೋಗಿದ್ದ. ಸೂತಕ ಕಳೆಯುವ ದಿನ ಮನೆಯ ಮಣ್ಣಿನ ಗಡಿಗೆಗಳನ್ನೆಲ್ಲ ಹೊರಗೆ ಹಾಕಿ ಒಡೆಯಬೇಕು. ಒಡೆದರು. ಹೊಸ ಸೊಸೆಯಾಗಿ ಬಂದಾಗ ಅತ್ತೆ ಕೊಟ್ಟ ಅಂಬಲಿ ಗಡಿಗೆಯೂ ಹೋಯಿತು. ಆ ಅತ್ತೆಗೆ ಅವಳ ಅತ್ತೆ ಕೊಟ್ಟದ್ದು. "ಗಂಡ ಹೋದ ಮ್ಯಾಲೆ ಗಡಿಗಿ ಸಲುವಾಗಿ ಏನ ಅಳೂದು ಅಂತ ಸುಮ್ಮಕಾದೆ. ಮಜ್ಜಿಗಿ ಹಾಕಿ ಹುಳಿ ಬರಸಿ ಕುಡಿಯಾಕತ್ತೇನಿ. ಅದು ಅಂಬಲಿ ಅಲ್ಲೋ ಯಪ್ಪಾ, ಬರೇ ಹೊಟ್ಟಿ ತುಂಬೂದು." ಬೇರೆ ಯಾರಿಗೂ ಹೆಪ್ಪು ಕೊಟ್ಟಿರಲಿಲ್ಲವೇ ಎಂದು ಕೇಳಿದ. ಕೊಟ್ಟಿದ್ದಳು. ಇನ್ನೊಂದು ಓಣಿಯ ಮೋತಿಬಿ ಮದುವೆಯಾಗಿ ಬಂದ ವರ್ಷ ಅವಳಿಗೆ ಕೊಟ್ಟಿದ್ದಳು, ಆ ಗಡಿಗೆ ಇನ್ನೂ ಇದೆ. ಆದರೆ ಕೊಟ್ಟ ಹೆಪ್ಪನ್ನು ಕೊಟ್ಟವಳು ತನ್ನ ಬಾಯಿಂದ ತಿರುಗಿ ಕೇಳಬಾರದು. ಕೇಳಿದರೆ ಎರಡೂ ಮನೆಯ ಗಡಿಗೆ ಸಾಯುತ್ತವೆ. ಇಸಗೊಂಡವರು ತಾವಾಗಿ ತಂದರೆ ಮಾತ್ರ ಉಂಟು. ಮೋತಿಬಿಗೆ ಗಡಿಗೆ ಒಡೆದ ಸಂಗತಿ ಗೊತ್ತಿಲ್ಲ. "ನಿನಗೂ ಕೇಳೂ ಹಂಗಿಲ್ಲ ನಾನು. ಪಾಂಡಪ್ಪ ಕಲತಾವ, ಗಾಜಿನ್ಯಾಗ ಇಟ್ಟು ಜ್ವಾಕಿ ಮಾಡಿರ್ತಾನ, ಒಂದಿಲ್ಲೊಂದು ದಿನ ತಲ್ಯಾಗ ಬಂದು ತರ್ತಾನ ಅಂತ ಗಡಿಗಿ ಹೊಗಿಗೆ ಹಿಡದು ಇಟಗೊಂಡು ಕುಂತಿದ್ದೆ."

ಆರು ತಿಂಗಳಿಂದ ಪಾಂಡುರಂಗನಿಗಾಗಿ ಒಂದು ಗಡಿಗೆ ಕಾದಿತ್ತು. ತಾನು ಇವಳನ್ನು ನಂಬಿ ಬಸ್ಸು ಹತ್ತಿದ್ದಾನೆ, ಇವಳು ತನ್ನನ್ನು ನಂಬಿ ಕೂತಿದ್ದಾಳೆ, ಇಬ್ಬರ ಕೈಯಲ್ಲೂ ತೊಳೆದಿಟ್ಟ ಪಾತ್ರೆ. ಹೇಳಿದ. ಗ್ರಹಣ ಹೇಳಿದ, ಮೊರ ಹೇಳಿದ, ಬೂದಿ ಹೇಳಿದ. ಯಾರ ಮನೆಯದೆಂದು ಅವ್ವನಿಗೆ ಹೇಳಲಿಕ್ಕೆ ನಾಚಿಕೆಯಾಗಿ ಬರೀ ಹುಳಿ ಎಂದದ್ದು ಹೇಳಿದ. ದಫ್ತರದಲ್ಲಿ ಬಾಜಾರ ಎಂದು ಬರೆಸಿದ್ದೂ ಹೇಳಿದ. ಹೇಳುತ್ತ ಹೇಳುತ್ತ ಹತ್ತು ವರ್ಷದವನ ಆ ಮಾತೂ ಹೊರಗೆ ಬಿತ್ತು. "ಆವತ್ತು ಗುಡಿ ಮುಂದ ನಿನ್ನ ತಲಿ ತಗ್ಗಿಸಿದ್ದು ನಾನ. ನೀ ಹಿಡದು ಕುಡಿಸಿದಿ ಅಂತ ಸುಳ್ಳು ಹೇಳಿದೆ."

ದೇವವ್ವ ನಕ್ಕಳು. ಹಲ್ಲು ಎರಡು ಬಿದ್ದಿದ್ದವು. "ಸುಳ್ಳೆಲ್ಲಿಂದ ಬಂತು? ಖರೇನ ಹಿಡದು ಕುಡಿಸೇನಲ್ಲೋ! ಮೊದಲನೇ ದಿನ ನೀ ಗ್ವಾಡಿ ಮ್ಯಾಲೆ ಕುಂತು ಒಲ್ಲೆ ಒಲ್ಲೆ ಅಂತಿದ್ದಿ. ಮಾರಿ ಬಾಡಿತ್ತು. ರಟ್ಟಿ ಹಿಡದು ಇಳಿಸಿ, ಮೂಗು ಹಿಡದು ಹಾಕಿದ್ದೆ. ನೆನಪಿಲ್ಲೇನು?"

ನೆನಪಿರಲಿಲ್ಲ. ಹದಿಮೂರು ವರ್ಷ ಅವನು ಎದೆಯಲ್ಲಿ ಹೊತ್ತು ತಿರುಗಿದ ಸುಳ್ಳನ್ನು ಅವಳು ಜೋಳದೊಳಗಿನ ಹರಳಿನಂತೆ ಆರಿಸಿ ಬದಿಗಿಟ್ಟಳು. ಹಗುರಾಯಿತೋ, ಮೋಸ ಹೋದಂತಾಯಿತೋ ಅವನಿಗೆ ತಿಳಿಯಲಿಲ್ಲ. ದೇವವ್ವ ಇನ್ನೂ ಹೇಳುತ್ತಲೇ ಇದ್ದಳು. "ಮತ್ತ ನಿಮ್ಮವ್ವಗ ಗೊತ್ತಿರಲಿಲ್ಲ ಅಂತ ಮಾಡಿಯೇನು? ಆ ಚರಿಗಿ ಯಾರು ತೊಳದು ನನ್ನ ಕಟ್ಟಿ ಮ್ಯಾಲೆ ಇಡ್ತಿದ್ರು, ನಿಮ್ಮ ರಾಘವೇಂದ್ರ ಮಾಸ್ತರೇನು? ಒಂದ ದಿನಾನೂ ಚರಿಗಿ ಬರಿದ ಬರಲಿಲ್ಲ. ಒಮ್ಮಿ ಉಪ್ಪಿನಕಾಯಿ ಹೋಳು, ಒಮ್ಮಿ ನಾಕು ಕಾಳು ಕಡ್ಲಿ. ಏನೂ ಇಲ್ಲದ ದಿನ ಒಂದು ತುಳಸಿ ಎಲಿ."

ಹಿತ್ತಲ ಗೋಡೆ, ಗೂಡು, ಚರಿಗೆ, ಕಂಬದ ಮರೆಯಲ್ಲಿ ನಿಂತ ಅವ್ವ ಎಲ್ಲ ಸ್ವಲ್ಪ ಸರಿದು ಬೇರೆ ಜಾಗದಲ್ಲಿ ಕೂತವು. ಶಾಲೆಗೆ ಹೋದ ಮಗ ಓಣಿಯ ತಿರುವು ದಾಟಿದ್ದಾನೆಂದು ಖಾತ್ರಿ ಮಾಡಿಕೊಂಡು, ಚರಿಗೆ ತೊಳೆದು, ಮನೆಯಲ್ಲಿ ಏನಿದೆ ಎಂದು ಹುಡುಕಿ, ಏನೂ ಇಲ್ಲದೆ ತುಳಸಿಕಟ್ಟೆಯ ಕಡೆ ಹೋಗುವ ತಾರಾಬಾಯಿ ಅವನ ಕಣ್ಣಿಗೆ ಕಟ್ಟಿದಳು. ಅವನು ಅವಳಿಂದ ಮುಚ್ಚಿಟ್ಟದ್ದಕ್ಕಿಂತ ಹೆಚ್ಚನ್ನು ಅವಳು ಅವನಿಗಾಗಿ ಮುಚ್ಚಿಟ್ಟಿದ್ದಳು. ಕಣ್ಣು ತುಂಬಿ ಬಂತು. ಅದನ್ನು ಅಡಗಿಸಲು ಅವನು ಪ್ರಯತ್ನಿಸಲಿಲ್ಲ, ದೇವವ್ವ ನೋಡದವಳಂತೆ ನಟಿಸಲೂ ಇಲ್ಲ. ಕಣ್ಣೊರೆಸಿಕೊಂಡು ಅವನು ಕೇಳಿದ: "ನೀ ಕೇಳಬಾರದು. ನಾ ಮೋತಿಬಿಗೆ ಕೇಳಬಹುದಲ್ಲ? ನಾ ಏನು ಆಕೀಗೆ ಕೊಟ್ಟಾವಲ್ಲ."

ದೇವವ್ವ ಮೊರ ಬದಿಗಿಟ್ಟು ಯೋಚಿಸಿದಳು. ಅವಳಿಗೆ ಇದು ಹೊಳೆದಿರಲಿಲ್ಲ. "ಬರ್ತೈತಿ," ಎಂದಳು ನಿಧಾನವಾಗಿ. "ಬರ್ತೈತಿ. ಆದ್ರ ಹೆಪ್ಪು ಕೇಳಾವ ಮೊದಲ ಅವರ ಹೊಸ್ತಿಲದಾಗ ಕುಂತು ಕುಡದು ಆಮ್ಯಾಲೆ ಕೇಳಬೇಕು. ನಿನಗ ಆಕ್ಕೈತಿ ಏನು? ಗುಡಿ ಹಾದಿ ಅದು."

ಗುಡಿ ಹಾದಿಯೇ ಹೌದು. ಮಧ್ಯಾಹ್ನದ ಬಿಸಿಲು ಇನ್ನೂ ಇಳಿದಿರಲಿಲ್ಲ, ಮೋತಿಬಿಯ ಕಟ್ಟೆ ಹಾದಿಗೆ ಒತ್ತಿಕೊಂಡೇ ಇತ್ತು. ಒಳಗೆ ಅವಳ ಗಂಡ ಹತ್ತಿ ಹಿಂಜುತ್ತಿದ್ದ ಬಿಲ್ಲಿನ ಸದ್ದು. ಪಾಂಡುರಂಗ ಹೊಸ್ತಿಲಲ್ಲಿ ಕೂತು, "ಅಂಬಲಿ ಹಾಕ್ರಿ" ಎಂದಾಗ ಮೋತಿಬಿ ಅವನ ಜನಿವಾರದ ಎಳೆಯನ್ನೂ ಕೈಚೀಲವನ್ನೂ ನೋಡಿ, ಯಾರೋ ತನ್ನನ್ನು ಚೇಷ್ಟೆ ಮಾಡಲು ಕಳಿಸಿದ್ದಾರೆಂದು ಸುತ್ತ ನೋಡಿದಳು. ಗುರುತು ಹೇಳಿದ ಮೇಲೆ ಒಳಗಿನಿಂದ ದೊಡ್ಡ ಹಿತ್ತಾಳೆ ಬಟ್ಟಲು ತುಂಬಿ ತಂದಳು. ಮೊದಲ ಗುಟುಕಿಗೇ ನಾಲಿಗೆಗೆ ಗೊತ್ತಾಯಿತು. ಹುಳಿ, ಹುಳಿಯ ಬೆನ್ನಿಗೆ ಹಸಿ ಜೋಳದಂಥ ಒಂದು ಸಿಹಿ, ಕೊನೆಗೆ ಮೂಗಿಗೆ ಏರುವ ಸಣ್ಣ ಚುರುಕು. ಅದು ನಳಿಗೆಯ ತಳಿಯಾಗಿರಲಿಲ್ಲ, ಪತ್ರದಲ್ಲಿ ಬರೆದ ಅಂಕಿ ಸಂಖ್ಯೆಯಾಗಿರಲಿಲ್ಲ, ಬದುಕಿಸಿದ ವಸ್ತು. ಈ ಒಂದು ರುಚಿ ಇಲ್ಲದಿದ್ದರೆ ಪುಣೆ ಇಲ್ಲ, ಸೂಕ್ಷ್ಮದರ್ಶಕಕ್ಕೆ ಬಗ್ಗುವ ಕಣ್ಣೂ ಇಲ್ಲ ಎಂದು ಅವನಿಗೆ ಮೊದಲ ಬಾರಿಗೆ ನೇರವಾಗಿ ಹೊಳೆಯಿತು. ಅಷ್ಟರಲ್ಲಿ ಹಾದಿಯಲ್ಲಿ ಕೋಲಿನ ಸದ್ದು. ರಾಘವೇಂದ್ರ ಮಾಸ್ತರರು. ಮುಪ್ಪು ಹಿಡಿದು, ಕಣ್ಣು ಮಂಜಾಗಿ, ಗೋಡೆ ಹಿಡಿದುಕೊಂಡು ಗುಡಿಗೆ ಹೊರಟಿದ್ದರು. ಕಟ್ಟೆಯ ಹತ್ತಿರ ನಿಂತು, ಮುಖ ಮುಂದೆ ಮಾಡಿ, "ಯಾರದು? ತಾರಾಬಾಯಿ ಮಗ ಊರಿಗೆ ಬಂದಾನ ಅಂದ್ರು, ನೀ ಅವನೇನು? ಇಲ್ಲೇನ ಮಾಡ್ಲಿಕತ್ತೀಯೋ?" ಎಂದರು.

ಪಾಂಡುರಂಗನ ಕೈ ತಾನೇ ತುಟಿಯ ಕಡೆ ಹೋಯಿತು. ಅರ್ಧಕ್ಕೆ ನಿಂತಿತು. ಸಲೀಸಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು: ನೀರು ಕುಡಿಯುತ್ತಿದ್ದೇನೆ ಎಂದರೆ ಸಾಕು, ಅವರಿಗೆ ಕಾಣುವುದಿಲ್ಲ.

"ಅಂಬಲಿ ಕುಡೀಲಿಕತ್ತೀನ್ರಿ, ಮಾಸ್ತರ. ಮೋತಿಬಿ ಅವರ ಮನೀದು. ಮೂಲ ದೇವವ್ವಂದು. ಯಾರೂ ಹಿಡದು ಕುಡಿಸಿಲ್ಲ, ನಾನ ಕೇಳಿ ಹಾಕಿಸಿಕೊಂಡೀನಿ."

ಬಿಲ್ಲಿನ ಸದ್ದು ನಿಂತಿತು. ಮೋತಿಬಿ ಸೆರಗು ಸರಿಮಾಡಿಕೊಂಡಳು. ಮಾಸ್ತರರು ಕೋಲಿನ ಮೇಲೆ ಎರಡೂ ಕೈ ಊರಿ ನಿಂತರು. ಆ ಸಂಜೆ ಅವರಿಗೆ ನೆನಪಿದೆಯೋ ಇಲ್ಲವೋ, ಅವರ ಮುಖದಿಂದ ತಿಳಿಯುವಂತಿರಲಿಲ್ಲ. "ಉಪ್ಪು ಹಾಕ್ಯಾರೇನು?" ಎಂದು ಕೇಳಿದರು. ಹಾಕ್ಯಾರ್ರೀ ಎಂದ. "ಬಿಸಲಾಗ ಛಲೋ ಅದು. ನನ್ನ ಮೊಮ್ಮಗನೂ ಎಲ್ಲೋ ಕುಡದು ಬರ್ತಾನ, ನನಗ ಕಾಣೂದಿಲ್ಲ ಅಂತ ತಿಳದಾನ" ಎಂದು ಹೇಳಿ ಗೋಡೆ ಹಿಡಿದುಕೊಂಡು ಮುಂದೆ ಹೋದರು. ಪಾಂಡುರಂಗ ಬಟ್ಟಲು ಮುಗಿಸಿ ಹೆಪ್ಪು ಕೇಳಿದ. ಮೋತಿಬಿಗೆ ವಿಷಯ ತಿಳಿದಾಗ ಬಾಯಿ ತುಂಬ ಬೈದಳು. "ದೇವಕ್ಕಗ ಏನು ಧಾಡಿ ಬಡದಿತ್ತರಿ? ಆರು ತಿಂಗಳ ಆತು ಈ ಕಡೆ ಹೊಳ್ಳಿ ನೋಡಲಿಲ್ಲ. ನನ್ನ ಮ್ಯಾಲೆ ಸಿಟ್ಟೇನೋ, ಮಣ್ಣಿಗೆ ಬಂದಾಗ ನಾ ಏನರ ತಪ್ಪು ಆಡಿದ್ನೋ ಅಂತ ನಾ ಒಳಗ ಸಾಯಾಕತ್ತಿದ್ದೆ." ಬೈಯುತ್ತಲೇ ಸಣ್ಣ ಗಡಿಗೆ ತುಂಬಿ, ಅವನ ಕೈಗೆ ಕೊಡದೆ, ತಾನೇ ತಲೆಯ ಮೇಲಿಟ್ಟುಕೊಂಡು ಮುಂದೆ ನಡೆದಳು. ಇಸಗೊಂಡವರೇ ತರಬೇಕಲ್ಲವೇ? ದೇವವ್ವ ಬಾಗಿಲಲ್ಲೇ ಬೆರಳು ಅದ್ದಿ ನಾಲಿಗೆಗೆ ಇಟ್ಟು, ಕಣ್ಣು ಮುಚ್ಚಿ, "ಅದ ಐತಿ" ಎಂದಳು. ಆಮೇಲೆ ಇಬ್ಬರೂ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ಗಾಳೆಪ್ಪನಿಗಾಗಿ ಅತ್ತರು. ಪಾಂಡುರಂಗ ನಳಿಗೆಗಳನ್ನು ತುಂಬಿಕೊಂಡು, ಬಾಯಿಗೆ ಅವ್ವ ಹಿಂಜಿ ಒಣಗಿಸಿದ್ದ ಅದೇ ಹತ್ತಿಯನ್ನು ಬಿಗಿದ. ಹೊರಡುವಾಗ ದೇವವ್ವ ಇನ್ನೊಂದು ಸಣ್ಣ ಗಡಿಗೆ ಅವನ ಕೈಗಿತ್ತಳು. "ನಿಮ್ಮವ್ವಗ. ಒಂದ ಮನ್ಯಾಗ ಇದ್ರ ಸಾಲೂದಿಲ್ಲ ನೋಡು."

ಮುಂದಿನ ವಾರ ಪುಣೆಯಲ್ಲಿ ಆ ಕಡ್ಡಿಯಂಥ ಕೋಶಗಳು ಅದೇ ಗಿಡ್ಡ ಅಳತೆಗೆ ನಡುವೆ ಗೋಡೆ ಎಬ್ಬಿಸಿ ಎರಡಾಗುವುದನ್ನು ಅವನು ನೋಡಲಿದ್ದ. ಸಾಹೇಬರ ಎದುರಿಗೆ ನಿಂತು ದಫ್ತರದ ಬಾಜಾರ ಎಂಬ ಶಬ್ದ ಹೊಡೆದುಹಾಕಿ, ದೇವವ್ವ, ಮೋತಿಬಿ ಎಂದು ತನ್ನ ಕೈಯಾರೆ ಬರೆಯಲಿದ್ದ. ಅದು ಸುಲಭದ ಕೆಲಸ. ಅಂದು ದೀಪ ಹಚ್ಚುವ ಹೊತ್ತಿಗೆ ಗದಗಿನ ಮನೆಯ ಬಾಗಿಲಲ್ಲಿ, ಬಗಲಲ್ಲಿ ಗಡಿಗೆ ಹಿಡಿದು ನಿಂತದ್ದು ಕಷ್ಟದ್ದು. ತಾರಾಬಾಯಿ ಬತ್ತಿ ಹೊಸೆಯುತ್ತಿದ್ದಳು. ತಲೆ ಎತ್ತಿ ಗಡಿಗೆ ನೋಡಿದಳು, ಏನೂ ಕೇಳಲಿಲ್ಲ. ಯಾರ ಮನೆಯದೆಂದು ಅವಳು ಎಂದೂ ಕೇಳುವುದಿಲ್ಲ ಎಂದು ಅವನಿಗೆ ಈಗ ತಿಳಿದಿತ್ತು. ಕೆಳಗೆ ಕೂತು ಗಡಿಗೆಯನ್ನು ಇಬ್ಬರ ನಡುವೆ ಇಟ್ಟ.

"ಅವ್ವಾ, ಸೋಮವಾರ ನೀ ಚೆಲ್ಲಿದ್ದು ದೇವವ್ವನ ಮನೀ ಹೆಪ್ಪು. ಇದೂ ಆಕೀದ. ಚರಿಗೀ ಮಾತು ಎಲ್ಲಾ ಹೇಳಿದ್ಳು."

ಬತ್ತಿ ಹೊಸೆಯುವ ಕೈ ನಿಂತಿತು. ಅವಳ ಮುಖದಲ್ಲಿ ಮೊದಲು ಬಂದದ್ದು ಹಿಂದಿನ ನೆನಪಲ್ಲ, ನಾಚಿಕೆಯಲ್ಲ. ಮನೆಗೆ ಬಂದ ಮುತ್ತೈದೆಯನ್ನು ಗುರುತಿಸದೆ ಹೊರಗೆ ಕಳಿಸಿದವಳ ಗಾಬರಿ. ಬಚ್ಚಲಿನ ಕಡೆ ಒಮ್ಮೆ ನೋಡಿದಳು. "ಆಕೀದಾ?" ಎಂದಳು. "ನಾನ ಚೆಲ್ಲಿದೆನಾ?" ಆಮೇಲೆ ಜಗಳಕ್ಕೆ ನಿಂತವಳ ಹಾಗೆ ಅಂದಳು: "ಉಪ್ಪಿನಕಾಯಿ ಭರಣಿಗೆ ಹಾಕಿದ್ದೆ, ಹಾಲಿಗೆ ಹಾಕಿದ್ದೆ, ತುಪ್ಪಕ್ಕ ಹಾಕಿದ್ದೆ. ನೀ ಹೇಳಿದ್ರ ಇದಕ್ಕೂ ಒಂದೆಳಿ ದರ್ಭಿ ಹಾಕಿ ಇಡ್ತಿದ್ದೆಲ್ಲೋ! ದರ್ಭಿ ಹಾಕಿದ್ದಕ್ಕ ಗ್ರಹಣ ತಾಗೂದಿಲ್ಲ."

ಎದ್ದು ದೇವರ ಮನೆಗೆ ಹೋದಳು. ಕಟ್ಟಿನಿಂದ ಒಂದೆಳೆ ದರ್ಭೆ ಹಿರಿದು ತಂದು ಗಡಿಗೆಯ ಕೊರಳಿಗೆ ಸುತ್ತಿ, ಗಂಟು ಹಾಕಿ, ಎರಡೂ ಕೈಯಿಂದ ಎತ್ತಿ ಅಡಿಗೆಮನೆಯೊಳಗೆ ಒಯ್ದು, ಹಾಲಿನ ಪಾತ್ರೆಯ ಪಕ್ಕಕ್ಕೆ ಇಟ್ಟಳು. ಎಷ್ಟು ದಿನಕ್ಕೊಮ್ಮೆ ಹಿಟ್ಟು ಹಾಕಬೇಕು ಎಂದು ಒಳಗಿನಿಂದಲೇ ಕೇಳಿದಳು. ದಿನಾ ಒಂದು ಹಿಡಿ ಎಂದ. ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಅವಳ ಬೆನ್ನನ್ನು ನೋಡುತ್ತಿದ್ದ ಅವನಿಗೆ, ನಗು ಬಂತೋ ಅಳು ಬಂತೋ ತಿಳಿಯದೆ, "ಮುಂದಿನ ಗ್ರಹಣ ಇನ್ನೂ ಭಾಳ ದೂರ ಅದ, ಅವ್ವಾ" ಎಂದ.

"ಇರ್ಲಿ," ಅಂದಳು ತಾರಾಬಾಯಿ, ಗಡಿಗೆಯ ಬಾಯಿ ಮುಚ್ಚುತ್ತ. "ನೀ ಬಾಯಿ ಬಿಡೂತನಕಾ ನಾ ಕಾಯೂದಿಲ್ಲ ಇನ್ನ."